ಕೆರೆ-ಮೀಥೇನ್ ಯಂತ್ರ: ಬಳಕೆದಾರರ ಕೈಪಿಡಿ

ಬೆಳ್ಳಂದೂರು ಮಾದರಿಯನ್ನು ಆರಿಸಿಕೊಂಡ ತಮಗೆ ಅಭಿನಂದನೆ. ಸುಮಾರು 900 ಎಕರೆಯ, ಬೆಂಗಳೂರಿನಲ್ಲೇ ದೊಡ್ಡದಾದ ಈ ಕೆರೆಯಿಂದ ಹಿಂದಿನವರು ಗದ್ದೆಗೆ ನೀರು ಹಾಯಿಸುತ್ತಿದ್ದರು. ಆ ಉಪಯೋಗ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಜೋಡಣೆ: ಹೊಸ ಕೊಳವೆ ಬೇಡ, ರಾಜಕಾಲುವೆಗಳು ಮೊದಲೇ ಇವೆ. ಮಳೆನೀರು ಹರಿಯಬೇಕಾದಲ್ಲಿ ಕೊಳಚೆ ಬಿಡಿ. ಸಾರಜನಕ, ರಂಜಕ ಎರಡೂ ಅದರಲ್ಲೇ ಬರುತ್ತವೆ; ಬಟ್ಟೆ ಒಗೆಯುವ ಪುಡಿಯಿಂದ ರಂಜಕ ಇನ್ನಷ್ಟು. ಸಂಸ್ಕರಣಾ ಘಟಕ ಕಟ್ಟುತ್ತಾರೆಂದು ಗಾಬರಿ ಬೇಡ. ರಂಜಕ ತೆಗೆಯುವ ಏರ್ಪಾಡಿಲ್ಲದ ಘಟಕದ ನೀರು ಕಣ್ಣಿಗೆ ತಿಳಿಯಾದರೂ ಪಾಚಿಗೆ ಮೃಷ್ಟಾನ್ನವೇ.

ರಂಜಕದಲ್ಲಿ ಮಾತ್ರ ಜಿಪುಣತನ ಕೂಡದು. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಅವರ ತಂಡ 226ನೇ ಸಂಖ್ಯೆಯ ಸರೋವರಕ್ಕೆ ನಡುವೆ ಪರದೆ ಕಟ್ಟಿತು. ಎರಡೂ ಬದಿಗೆ ಇಂಗಾಲ, ಸಾರಜನಕ. ಒಂದು ಬದಿಗೆ ಮಾತ್ರ ರಂಜಕ. ಆ ಬದಿಯೇ ಹಸಿರುಗಟ್ಟಿತು.

ಚಾಲನೆ: ಪಾಚಿ ಬೆಳೆಯಲಿ, ಸಾಯಲಿ, ತಳಕ್ಕಿಳಿಯಲಿ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಮುಗಿಸಿದ ಮೇಲೆ, ಆಮ್ಲಜನಕವಿದ್ದರೆ ಬದುಕಲಾರದ ಇನ್ನೊಂದು ಜಾತಿಯ ಸೂಕ್ಷ್ಮಜೀವಿಗಳು ಕೆಲಸಕ್ಕೆ ಹಾಜರಾಗುತ್ತವೆ. ಮೀಥೇನ್ ತಯಾರಿಸುವವರು ಇವರೇ. ಬಿಸಿಲು ಏರಿದಷ್ಟೂ ಇವರಿಗೆ ಹುರುಪು. ಹಸಿರು ಕಂಡರೆ ಇಂಗಾಲ ಹೀರಿತೆಂದು ಖುಷಿಪಡುವ ಪರಿಸರಪ್ರಿಯರಿಗೆ ಈ ಯಂತ್ರದ ಕೈಚಳಕ ತಿಳಿಯದು. ಪಾಚಿ ಹೀರುವುದು ಇಂಗಾಲದ ಡೈಆಕ್ಸೈಡ್, ಕೆಸರು ಹಿಂತಿರುಗಿಸುವುದು ಮೀಥೇನ್. ತೂಕಕ್ಕೆ ತೂಕ ಹೋಲಿಸಿದರೆ 20 ವರ್ಷಗಳ ಲೆಕ್ಕದಲ್ಲಿ ಇದು 80 ಪಟ್ಟು ಬಿಸಿ. ನೆಲದಿಂದ ಹೊಸ ಇಂಗಾಲ ಅಗೆಯದೆಯೇ ಇಷ್ಟು ಲಾಭ! ನೀರು ಆಳವಿಲ್ಲದಿದ್ದರೆ ಇನ್ನೂ ಒಳ್ಳೆಯದು: ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳ ಕೈಗೆ ಸಿಗುವ ಮೊದಲೇ ಗುಳ್ಳೆ ಮೇಲೇರಿಬಿಡುತ್ತದೆ.

ಉತ್ಪಾದನೆ ಶುರುವಾಯಿತೇ? ಕೋಲಿನಿಂದ ಕೆಸರು ಕೆದಕಿ, ಗುಳ್ಳೆಗಳನ್ನು ಶೀಶೆಗೆ ಹಿಡಿಯಿರಿ. 1776ರಲ್ಲಿ ಇಟಲಿಯ ಮಾಜೊರೆ ಸರೋವರದ ದಡದಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಮಾಡಿದ್ದೂ ಇಷ್ಟೇ.

ಎಚ್ಚರಿಕೆ: ಬೆಂಕಿ ಬೀಳದಂತೆ ನೋಡಿಕೊಳ್ಳಿ. 2018ರ ಜನವರಿಯಲ್ಲಿ ಬೆಳ್ಳಂದೂರಿನ ಬೆಂಕಿ ಆರಿಸಲು ಸೇನೆಯೇ ಇಳಿಯಬೇಕಾಯಿತು. ಹೊತ್ತಿದ್ದು ಅನಿಲವೋ, ಒಣ ಜೊಂಡೋ, ಕಸವೋ ಎಂದು ಊರೆಲ್ಲ ವಾದಿಸಿತು, ಕ್ಯಾಮೆರಾಗಳು ಬಂದವು. ಉರಿದುಹೋದ ಮೀಥೇನ್ ಬರೀ ಇಂಗಾಲದ ಡೈಆಕ್ಸೈಡ್ ಆಗಿಬಿಡುತ್ತದೆ, ಅಂದರೆ ಮಾಲು ನಷ್ಟ. ಸದ್ದಿಲ್ಲದೆ ಗುಳ್ಳೆಯೇಳುವ ದಿನಗಳೇ ಉತ್ತಮ. ಆಗ ಯಾರೂ ಬರುವುದಿಲ್ಲ.

ಖಾತರಿ: ಕೊಳಚೆ ನಿಂತರೂ ಯಂತ್ರ ನಿಲ್ಲದು. ಆಮ್ಲಜನಕವಿಲ್ಲದ ತಳದಲ್ಲಿ ಕಬ್ಬಿಣಕ್ಕೆ ಅಂಟಿದ್ದ ರಂಜಕ ಬಿಡುಗಡೆಯಾಗಿ ಮತ್ತೆ ಪಾಚಿಗೆ ಸೇರುತ್ತದೆ. ಹೂಳೆತ್ತಿದರೆ ಮಾತ್ರ ಖಾತರಿ ರದ್ದು.

ಗ್ರಾಹಕ ಸೇವೆ: ಕೆರೆ ಒಬ್ಬರದು, ಕಾಲುವೆ ಇನ್ನೊಬ್ಬರದು, ಕೊಳಚೆ ಮತ್ತೊಬ್ಬರದು. ಮೂವರಿಗೂ ಪ್ರತ್ಯೇಕ ಅರ್ಜಿ ಹಾಕಿ. ಹೆಚ್ಚುವರಿ ರಂಜಕ ಕೋಡಿ ಹರಿದು ವರ್ತೂರು ಕೆರೆಗೆ ಹೋಗುತ್ತದೆ. ಅಲ್ಲಿಗೆ ಬೇರೆ ಕೈಪಿಡಿ ಮುದ್ರಿಸಿಲ್ಲ, ಇದನ್ನೇ ಬಳಸಬಹುದು.