ಮೊಣಕೈಗೆ ರಜೆ

ಕಾರ್ಕಳದ ಗೊಮ್ಮಟಸ್ವಾಮಿ 1432ರಿಂದ ಕೈ ಇಳಿಬಿಟ್ಟು ನಿಂತಿದ್ದಾನೆ. 42 ಅಡಿ ಎತ್ತರ, ಮೊಣಕೈ ದೂರು ಒಂದೂ ಇಲ್ಲ. ಉಡುಪಿ ಕೃಷ್ಣನದ್ದೇ ಚಿಂತೆ. ಕೈಯಲ್ಲಿ ಸದಾ ಕಡೆಗೋಲು!

ಕಾಪುವಿನ ನಮ್ಮ ದೊಡ್ಡಮ್ಮನ ಕೈಯಲ್ಲಿ ಕಾಯಿಕಡಿ. ಗಸಿಗೆ, ಪಲ್ಯಕ್ಕೆ, ನೀರುದೋಸೆಯ ಕಾಯಿಬೆಲ್ಲಕ್ಕೆ ಹೆರೆದು ಹೆರೆದು ಕೊನೆಗೆ ಚಾ ಲೋಟ ಎತ್ತಿದರೂ “ಅಯ್ಯಯ್ಯೋ”. ಮಣಿಪಾಲದ ಡಾಕ್ಟರು ‘ಟೆನಿಸ್ ಎಲ್ಬೋ’ ಎಂದರು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳೆಲ್ಲ ಮೊಣಕೈಯ ಹೊರಬದಿಯ ಎಲುಬಿಗೆ ಅಂಟಿಕೊಂಡಿವೆ. ಬಿಗಿಯಾಗಿ ಹಿಡಿದು ತಿರುವಿದಷ್ಟೂ ಅಲ್ಲಿನ ಸ್ನಾಯುರಜ್ಜು ಸವೆಯುತ್ತದೆ. ಒಳಬದಿಯಲ್ಲಿ ನೋವಾದರೆ ಅದು ಗಾಲ್ಫ್ ಆಟಗಾರರ ಪಾಲಿನದ್ದಂತೆ. 2005ರಲ್ಲಿ ತೆಂಡೂಲ್ಕರ್ ಇದೇ ಟೆನಿಸ್ ಎಲ್ಬೋಗೆ ಆಪರೇಷನ್ ಮಾಡಿಸಿಕೊಂಡಿದ್ದು ತಿಳಿದ ಮೇಲೆ ದೊಡ್ಡಮ್ಮ ನೋವನ್ನು ಊರಿಗೆಲ್ಲ ತೋರಿಸತೊಡಗಿದರು.

ಹೆಚ್ಚಿನವರಿಗೆ ಕತ್ತಿ ಬೇಡ ಮಾರಾಯ್ರೇ. ಕೈಗೆ ಹೊರೆ ತಗ್ಗಿಸಿ, ಹೇಳಿಕೊಟ್ಟ ವ್ಯಾಯಾಮ ಬಿಡದೆ ಮಾಡಿದರೆ ವರ್ಷದೊಳಗೆ ಇಳಿಯುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಹಾಯೆನಿಸುತ್ತದೆ, ಆದರೆ ನೋವು ಮರಳಿ ಬರುವುದೂ ಉಂಟು. ಬಿದ್ದು ಊದಿಕೊಂಡರೆ, ಬೆರಳು ಜೋಮು ಹಿಡಿದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಎಣ್ಣೆ ಹಚ್ಚಿ ಎಳೆದು ಸರಿಮಾಡುತ್ತೇನೆಂದು ಬರುವ ನೆರೆಮನೆಯವರನ್ನು ಚಾ ಕೊಟ್ಟು ಕಳಿಸಿಬಿಡಿ.

ದೊಡ್ಡಮ್ಮನಿಗೀಗ ವಿಶ್ರಾಂತಿ. ಹೆರೆಮಣೆ ಮೇಲೆ ದೊಡ್ಡಪ್ಪ ಕೂತಿದ್ದಾರೆ, “ಸಣ್ಣಗೆ ಹೆರೀರಿ” ಎಂಬ ಆಜ್ಞೆ ಒಳಗಿನಿಂದ ಬರುತ್ತಿದೆ.