ನೂರಕ್ಕೆ ನೂರು

(ತಿಪಟೂರು ಎಪಿಎಂಸಿ ಯಾರ್ಡು. ಕೊಬ್ಬರಿ ಹರಾಜಿನ ದಿನ.)

ಗೌಡ್ರು: ಏನ್ ಮೇಷ್ಟ್ರೇ, ಎಸ್ಸೆಸ್ಸೆಲ್ಸಿಲಿ ನಮ್ಮ ಜಿಲ್ಲೆ ಎಷ್ಟನೇದು?

ಮೇಷ್ಟ್ರು: ಯಾವ ಜಿಲ್ಲೆ? ಕಂದಾಯಕ್ಕೆ ತುಮಕೂರು ಒಂದೇ. ಪರೀಕ್ಷೆಗೆ ತುಮಕೂರು, ಮಧುಗಿರಿ ಅಂತ ಎರಡು ಹೋಳು.

ಗೌಡ್ರು: ಇರ್ಲಿ. 2023ರಲ್ಲಿ ರಾಜ್ಯದಲ್ಲಿ ಶೇ. 83.89 ಪಾಸು, 2024ರಲ್ಲಿ 73.40. ಒಂದೇ ವರ್ಷಕ್ಕೆ ಹುಡುಗ್ರು ದಡ್ಡರಾದ್ರಾ?

ಮೇಷ್ಟ್ರು: ಇಲ್ಲ, ಕೊಠಡಿಗೆ ಕ್ಯಾಮೆರಾ ಬಂತು. ಆ 73ಕ್ಕೂ ಕೃಪಾಂಕ ಶೇ. 10ರಿಂದ 20ಕ್ಕೆ ಏರಿಸಬೇಕಾಯ್ತು.

ಗೌಡ್ರು: ಬೆಂಬಲ ಬೆಲೆ ಅನ್ನಿ!

ಮೇಷ್ಟ್ರು: ಕೊಬ್ರಿದಾದ್ರೆ ನೀವು ಧರಣಿ ಕೂರಬೇಕು. ಇದು ಕೇಳದೇ ಬಂತು.

ಗೌಡ್ರು: ಪಕ್ಕದ ಖಾಸಗಿ ಶಾಲೇದು ನೂರಕ್ಕೆ ನೂರಂತೆ?

ಮೇಷ್ಟ್ರು: ಹೂಂ. ಒಂಬತ್ತನೇ ಕ್ಲಾಸಲ್ಲೇ ಕೌಟು ಆರಿಸಿ, ಟಿ.ಸಿ. ಕೊಟ್ಟು ನಮ್ಮ ಸರ್ಕಾರಿ ಹೈಸ್ಕೂಲಿಗೆ ಸಾಗಿಸ್ತಾರೆ.

ಗೌಡ್ರು: ಅವ್ರು ಪಾಸಾಗ್ತಾರಾ?

ಮೇಷ್ಟ್ರು: ಅರ್ಧ ಜನ ಆಗ್ತಾರೆ. ಆ ಶಾಲೆಗೆ ಸನ್ಮಾನ, ನನಗೆ ನೋಟೀಸು.

ಗೌಡ್ರು: ಏನಂತ?

ಮೇಷ್ಟ್ರು: ಅವರನ್ನು ನೋಡಿ ಕಲೀರಿ ಅಂತ. ಕಲಿತೂ ಬಿಟ್ಟೆ ಗೌಡ್ರೇ. ಆದ್ರೆ ನಾನು ಟಿ.ಸಿ. ಕೊಟ್ಟು ಕಳಿಸೋಕೆ ನಮ್ಮ ಕೆಳಗೆ ಇನ್ನೊಂದು ಸರ್ಕಾರ ಇಲ್ವಲ್ಲ!