ಗೋಳ ಸುತ್ತುವ ಅಕ್ಷರಗಳು

ಯೂನಿವರ್ಸಲ್ ಚಿತ್ರಸಂಸ್ಥೆಯ ಲಾಂಛನದಲ್ಲಿ ದಪ್ಪ ಅಕ್ಷರಗಳು ಭೂಗೋಳಕ್ಕೆ ಗಂಭೀರವಾಗಿ ಪ್ರದಕ್ಷಿಣೆ ಹಾಕುವುದನ್ನು ಕಂಡವರಿಗೆ ತಮ್ಮ ಹೆಸರನ್ನೂ ಹಾಗೇ ಸುತ್ತಿಸುವ ಆಸೆ ಹುಟ್ಟುತ್ತದೆ. ಅದಕ್ಕೆ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದಲ್ಲಿ ಸಿಸಿ ಸಿಲಿಂಡರ್ ಎಂಬ ಎಫೆಕ್ಟ್ ಇದೆ; ಚಪ್ಪಟೆ ಸಾಲನ್ನು ಅದು ಬಳೆಯಂತೆ ಬಗ್ಗಿಸುತ್ತದೆ. ವೈ ಅಕ್ಷದ ತಿರುಗುವಿಕೆಗೆ ಮೊದಲು 0, ಕೊನೆಗೆ 360 ಡಿಗ್ರಿ ಕೀಫ್ರೇಮ್ ಕೊಟ್ಟರೆ ಒಂದು ಸುತ್ತು ಮುಗಿಯಿತು.

ಮುಗಿಯಲಿಲ್ಲ. ಅಕ್ಷರಗಳು ಗೋಳದ ಹಿಂದೆ ಮರೆಯಾಗುವ ಬದಲು ನಾಚಿಕೆಯಿಲ್ಲದೆ ಅದರ ಮುಖದ ಮೇಲೆಯೇ ಓಡಾಡುತ್ತವೆ. ಎರಡು ಆಯಾಮದ ಲೇಯರ್‌ಗಳಲ್ಲಿ ಮೇಲಿದ್ದದ್ದೇ ಮುಂದೆ. ಆಳವೆಂಬುದು ಬರೀ ನಟನೆ. ಆದ್ದರಿಂದ ಅಕ್ಷರಗಳ ಲೇಯರನ್ನು ನಕಲು ಮಾಡಿ, ಗೋಳದ ಮೇಲಿನದಕ್ಕೆ ‘ಔಟ್‌ಸೈಡ್’, ಕೆಳಗಿನದಕ್ಕೆ ‘ಇನ್‌ಸೈಡ್’ ಎಂಬ ರೆಂಡರ್ ಆಯ್ಕೆ ಕೊಡಬೇಕು. ಹಿಂಬದಿಯಲ್ಲಿ ಹೆಸರು ತಿರುವುಮುರುವಾಗಿ ಕಾಣುತ್ತದೆ. ಜ್ಯಾಮಿತಿಯ ಪ್ರಕಾರ ಅದೇ ಸರಿ, ದುಡ್ಡು ಕೊಡುವವರ ಪ್ರಕಾರ ಮಾತ್ರ ತಪ್ಪು. ಹೆಸರು ಕನ್ನಡದಲ್ಲಿದ್ದರೆ, ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಟೆಕ್ಸ್ಟ್ ಎಂಜಿನ್ ಆರಿಸುವುದು ಕ್ಷೇಮ. ಇಲ್ಲವಾದರೆ ಒತ್ತಕ್ಷರಗಳು ಮೂಲ ಅಕ್ಷರದ ಸಂಗ ಬಿಟ್ಟು ಸ್ವತಂತ್ರವಾಗಿ ಹೊರಡಬಹುದು.

ವಿಡಿಯೊವನ್ನು ಲೂಪ್‌ನಲ್ಲಿ ಓಡಿಸುವಾಗ 0 ಮತ್ತು 360 ಎರಡೂ ಒಂದೇ ಚಿತ್ರ. ಕೊನೆಯ ಫ್ರೇಮನ್ನು ಕತ್ತರಿಸದಿದ್ದರೆ ಪ್ರತಿ ಸುತ್ತಿಗೂ ಹೆಸರು ಒಮ್ಮೆ ಬಿಕ್ಕಳಿಸುತ್ತದೆ.